ನೆಲಮಾಳಿಗೆಗೊಂದು ಮಳೆಕೋಟು

ಮನುಷ್ಯರಿಗೆ ಕೋಟು ಹೊಲಿದವರು ಲೋಕದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ನಾಯಿಗೆ ಕೋಟು ಹೊಲಿದವರೂ ಇದ್ದಾರಂತೆ. ಆದರೆ ಸ್ವಂತ ಮನೆಯ ನೆಲಮಾಳಿಗೆಗೆ ಎದೆ, ಸೊಂಟ, ಉದ್ದ ಎಲ್ಲ ಅಳತೆ ತೆಗೆದುಕೊಂಡು, ಟ್ರಯಲ್ ನೋಡಿ, ಮೈಗೊಪ್ಪುವ ಹಾಗೆ ಮಳೆಕೋಟು ಹೊಲಿದ ಮಹಾನುಭಾವರು ನಮ್ಮ ಮಾಸ್ಟರೊಬ್ಬರೇ. ಅವರ ಅತ್ತೆಯವರನ್ನು ಕೇಳಿದರೆ, "ಇಂಥವರು ಇನ್ನೊಬ್ಬರು ಹುಟ್ಟೋದಿಲ್ಲ, ಹುಟ್ಟೋದೂ ಬೇಡ" ಅನ್ನುತ್ತಾರೆ. ಆ ಮಾತಿನಲ್ಲಿ ಮೊದಲರ್ಧವನ್ನಷ್ಟೇ ಕೇಳಿಸಿಕೊಳ್ಳುವ ದೊಡ್ಡ ಗುಣ ಮಾಸ್ಟರಿಗಿದೆ.

ಮಾಸ್ಟರು ಎಂದರೆ ಶಾಲೆಯ ಮೇಷ್ಟ್ರಲ್ಲ, ಟೈಲರ್ ಮಾಸ್ಟರು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗುವ ಎರಡು ಕೋಣೆ. ಅವುಗಳಲ್ಲಿ ದೊಡ್ಡ ಕಿಟಕಿ ಇರುವ ಕೋಣೆ ಅತ್ತೆಯವರದು. ಅಂಗಡಿಯಿಂದ ಹನ್ನೊಂದು ಮೆಟ್ಟಿಲು ಕೆಳಗಿಳಿದರೆ ನೆಲಮಾಳಿಗೆ. ಮಾಸ್ಟರು ಬಟ್ಟೆ ಕತ್ತರಿಸಿ ಹೊಲಿಯುತ್ತಾರೆ. ಕಾಜಾ, ಗುಂಡಿ, ಕೈಹೊಲಿಗೆ ಎಲ್ಲ ಅವರ ಹೆಂಡತಿಯದು. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದು ಬಂದಿದೆ. ಮಾಸ್ಟರ ಹೊಲಿಗೆ ಎಂದರೆ ಇಂಚಿಗೆ ಹನ್ನೆರಡು. ಬೇರೆ ಟೈಲರುಗಳು ಎಂಟು ಹಾಕಿ ಕೈ ತೊಳೆದುಕೊಳ್ಳುವಾಗ ಇವರು ಹನ್ನೆರಡಕ್ಕೆ ಒಂದು ಕಡಿಮೆ ಮಾಡಿದವರಲ್ಲ. "ಬಟ್ಟೆ ಹರೀಬೇಕು, ಹೊಲಿಗೆ ಬಿಡಬಾರದು" ಎನ್ನುವುದು ಅವರ ಧ್ಯೇಯವಾಕ್ಯ. (ಬಟ್ಟೆಯಾದರೂ ಯಾಕೆ ಹರಿಯಬೇಕು ಎಂದು ಈವರೆಗೆ ಯಾವ ಗಿರಾಕಿಯೂ ಕೇಳಿಲ್ಲ.)

ಎಲ್ಲ ಸರಿ, ನೆಲಮಾಳಿಗೆಯೊಂದೇ ಸರಿಯಿಲ್ಲ. ಮಳೆ ಶುರುವಾದ ಮೊದಲ ದಿನ ಬಲಗಡೆಯ ಗೋಡೆಯ ಬುಡದಲ್ಲಿ ಅಂಗೈಯಗಲದ ಒದ್ದೆ ಕಾಣಿಸಿಕೊಳ್ಳುತ್ತದೆ. ಎರಡನೆಯ ದಿನ ಅದು ಚಾಪೆಯಗಲವಾಗುತ್ತದೆ. ಮೂರನೆಯ ದಿನ ಅತ್ತೆಯವರು ಮೇಲಿನ ಮೆಟ್ಟಿಲ ಮೇಲೆ ನಿಂತು, "ಅಳಿಯಂದಿರೇ, ನಿಮ್ಮ ಚಪ್ಪಲಿ ತೇಲಿಕೊಂಡು ನಿಮ್ಮನ್ನೇ ಹುಡುಕ್ತಿದೆ" ಎಂದು ಕೂಗುತ್ತಾರೆ.

ಹೋದ ವರ್ಷ ಈ ನೀರು ಮಾಸ್ಟರ ಮಾನವನ್ನೇ ತೊಳೆದುಬಿಟ್ಟಿತು. ಆಸ್ಪತ್ರೆಯ ನರ್ಸುಗಳಿಗೆಂದು ಹೊಲಿದ ಅರವತ್ತು ಬಿಳಿ ಏಪ್ರನ್ನುಗಳು ನೆಲಮಾಳಿಗೆಯಲ್ಲಿದ್ದವು. ಪಕ್ಕದಲ್ಲಿ ಕೆಂಪು ಬಟ್ಟೆಯ ಒಂದು ಥಾನು. ನೀರು ಬಂತು, ಕೆಂಪು ಬಿಟ್ಟಿತು, ಬಿಳಿ ಕುಡಿದು ಗುಲಾಬಿಯಾಯಿತು. ಹಿರಿಯ ನರ್ಸಮ್ಮ ಒಂದು ಏಪ್ರನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮಾಸ್ಟ್ರೇ, ಇದನ್ನ ಹಾಕ್ಕೊಂಡು ಹೋದ್ರೆ ರೋಗಿಗಳು ಐಸ್‌ಕ್ರೀಮ್ ಕೇಳ್ತಾರೆ" ಅಂದರು. ಆ ಮಾತು ಬಾಯಿಂದ ಬಾಯಿಗೆ ಹಬ್ಬಿ, ಮಾಸ್ಟರು ಬೀದಿಯಲ್ಲಿ ನಡೆದರೆ ಜನ ನಗುವನ್ನು ತುಟಿಯಲ್ಲೇ ಕಚ್ಚಿ ಹಿಡಿಯುವ ಹಾಗಾಯಿತು. ಗಿರಾಕಿಗಳು ಒಬ್ಬೊಬ್ಬರೇ ಎದುರುಗಡೆಯ ರೆಡಿಮೇಡ್ ಅಂಗಡಿಯ ಮೆಟ್ಟಿಲು ಹತ್ತಿದರು. ಆ ಅಂಗಡಿಯ ಮಾಲೀಕ ಒಳ್ಳೆಯವನೇ. ಒಂದು ದಿನ ಬಂದು ಬಹಳ ಮರ್ಯಾದೆಯಿಂದಲೇ, "ಮಾಸ್ಟ್ರೇ, ನಮ್ಮಲ್ಲಿ ಫ್ಯಾನ್ ಕೆಳಗೆ ಒಂದು ಸ್ಟೂಲ್ ಖಾಲಿ ಇದೆ. ಉದ್ದ ಆದ ಪ್ಯಾಂಟಿನ ಕಾಲು ಮಡಚಿ ಹೊಲಿಯೋ ಕೆಲಸ. ಯೋಚನೆ ಮಾಡಿ" ಅಂದ. ಇಡೀ ಸೂಟು ಹೊಲಿಯುವವನಿಗೆ ಪ್ಯಾಂಟಿನ ಕಾಲು ಮಡಚು ಎನ್ನುವುದೆಂದರೆ! ಮಾಸ್ಟರಿಗೆ ಆ ದಿನ ಊಟ ಸೇರಲಿಲ್ಲ. ಇನ್ನೊಂದು ಸಲ ಹೀಗಾದರೆ ಮಾತ್ರ ಆ ಸ್ಟೂಲೇ ಗತಿ ಎಂಬುದು ಅವರಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ಇರಲಿ ಎಂದು ಅತ್ತೆಯವರು ದಿನಕ್ಕೆರಡು ಸಲ ಹೇಳುತ್ತಲೂ ಇದ್ದರು.

ಅಂಥ ಹೊತ್ತಿನಲ್ಲಿ ದೇವರು ಕಣ್ಣು ಬಿಟ್ಟ. ಊರಿನ ಬ್ಯಾಂಡಿನ ಯಜಮಾನರು ಬಂದರು. ಅವರಿಗೆ ಹೆಸರೊಂದು ಇದ್ದೇ ಇರಬೇಕು. ಆದರೆ ಮುಖಕ್ಕಿಂತ ಎರಡಿಂಚು ಅಗಲವಾದ ಮೀಸೆ ಇದ್ದದ್ದರಿಂದ ಎಲ್ಲರೂ ಮೀಸೆಯವರು ಎಂದೇ ಕರೆಯುತ್ತಿದ್ದರು.

"ನಲವತ್ತು ಕೋಟು. ಕೆಂಪು ಮೈ, ಬಿಳಿ ಕಾಲರು, ಬಿಳಿ ಕಫ್ಫು, ಎದೆ ಮೇಲೆ ಜರಿ. ಬೇರೆ ಯಾರೂ ಇಷ್ಟು ಒಳ್ಳೆ ಹೊಲಿಗೆ ಹಾಕಲ್ಲ ಅಂತ ನಿಮ್ಮಲ್ಲಿಗೆ ಬಂದಿದೀನಿ" ಎಂದು ಮೀಸೆಯವರು ಸ್ವಲ್ಪ ತಡೆದು, "ಬಿಳಿ ಬಿಳಿಯಾಗೇ ಇರ್ಬೇಕು ಮಾಸ್ಟ್ರೇ. ಗುಲಾಬಿ ಕಫ್ಫಿನ ಬ್ಯಾಂಡು ಅಂತ ಹೆಸರು ಬಂದ್ರೆ ನಾನು ಮೀಸೆ ಬೋಳಿಸ್ಬೇಕಾಗುತ್ತೆ" ಅಂದರು.

ಕೋಟುಗಳೇನೋ ತಯಾರಾದವು. ಮುದುರದ ಹಾಗೆ ನಲವತ್ತನ್ನೂ ಸಾಲಾಗಿ ತೂಗುಹಾಕಲು ಉದ್ದ ಜಾಗ ಬೇಕು. ಅಷ್ಟು ಉದ್ದ ಇದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ. ಅತ್ತೆಯವರ ಕೋಣೆ ಕೇಳಿದ್ದಕ್ಕೆ, "ನಲವತ್ತು ಕೋಟು ನೇತಾಡೋ ಕಡೆ ನಾನು ಮಲಗಲ್ಲಪ್ಪ. ಕಣ್ಣು ಬಿಟ್ಟಾಗೆಲ್ಲ ಮೆರವಣಿಗೆ ಬಂದ ಹಾಗಾಗುತ್ತೆ" ಎಂದುಬಿಟ್ಟರು. ಮೀಸೆಯವರು ಬಂದು ಒಯ್ಯುವುದಕ್ಕೆ ಇನ್ನೂ ಎರಡು ವಾರ ಇತ್ತು. ಆಕಾಶ ಆಗಲೇ ಮುಖ ದಪ್ಪ ಮಾಡಿಕೊಂಡಿತ್ತು.

"ರೀ, ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿ" ಅಂದರು ಹೆಂಡತಿ, ಕೋಟಿಗೆ ಕೊನೆಯ ಗುಂಡಿ ಹಾಕುತ್ತ. "ಛಾವಣಿ ನೀರೆಲ್ಲ ಇಳಿಯೋ ಪೈಪು ಪಕ್ಕದ ಸಂದೀಲಿ ನಮ್ಮ ಗೋಡೆ ಬುಡಕ್ಕೇ ಸುರೀತಿದೆ. ಅದನ್ನ ಮುಂದಿನ ಚರಂಡಿಗೆ ತಿರುಗಿಸಿದ್ರೆ ಸಾಕು."

"ಪೈಪು ತಿರುಗಿಸೋದು ಪ್ಲಂಬರ್ ಕೆಲಸ. ನಾನು ಟೈಲರು."

"ಹಾಗಾದ್ರೆ ಪ್ಲಂಬರನ್ನ ಕರೀರಿ."

"ಮಳೆ ಬಂದ್ರೆ ಜನ ಏನೇ ಮಾಡ್ತಾರೆ? ಪ್ಲಂಬರನ್ನ ಕರ್ಕೊಂಡು ತಿರುಗ್ತಾರಾ? ಕೋಟು ಹಾಕ್ಕೊತಾರೆ!"

ತಮ್ಮ ಬಾಯಿಂದ ಬಂದ ಮಾತು ತಮ್ಮ ಕಿವಿಗೇ ಬಿದ್ದು ಮಾಸ್ಟರು ಬೆರಗಾದರು. ಇಷ್ಟು ದಿನ ಈ ಸತ್ಯ ಯಾಕೆ ಹೊಳೆಯಲಿಲ್ಲ? ಪಾಪ, ನೆಲಮಾಳಿಗೆ ಇಷ್ಟು ವರ್ಷ ಬರಿಮೈಯಲ್ಲಿ ಮಳೆಗೆ ನಿಂತಿದೆ! ಮನೆಯಲ್ಲೊಬ್ಬ ಟೈಲರು ಇದ್ದೂ! ಅವರು ಕೊರಳಲ್ಲಿದ್ದ ಟೇಪನ್ನು ಸರಕ್ಕನೆ ಎಳೆದು, ಅಳತೆ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು, ಹನ್ನೊಂದು ಮೆಟ್ಟಿಲನ್ನು ಐದರಲ್ಲಿ ಇಳಿದರು.

ಅಳತೆ ತೆಗೆಯುವುದರಲ್ಲಿ ಮಾಸ್ಟರಿಗೆ ಒಂದು ಶಿಸ್ತಿದೆ. ಗಿರಾಕಿ ಯಾರೇ ಇರಲಿ, ಹೆಸರು ಬರೆದು, ಎದೆ, ಸೊಂಟ, ಉದ್ದ ಎಂದು ಕ್ರಮವಾಗಿಯೇ ಬರೆಯಬೇಕು. ಪುಸ್ತಕದಲ್ಲಿ ನೆಲಮಾಳಿಗೆಗೆ ಒಂದು ಇಡೀ ಹಾಳೆ ದೊರೆಯಿತು. ಎದೆ: ಇಪ್ಪತ್ತೆರಡು ಅಡಿ. ಉದ್ದ: ಏಳೂಕಾಲು. ಬಲಗಡೆಯ ಗೋಡೆ ನಡುವೆ ಉಬ್ಬಿಕೊಂಡಿದ್ದರಿಂದ "ಹೊಟ್ಟೆ ಸ್ವಲ್ಪ ಮುಂದಕ್ಕೆ" ಎಂದು ಟಿಪ್ಪಣಿ.

"ನೆಲ ಒಂದೇ ಸಮ ಇಲ್ಲ, ಟೇಪು ನಿಲ್ತಿಲ್ಲ" ಎಂದು ಮಾಸ್ಟರು ಗೊಣಗಿದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಮೇಲಿನಿಂದ ದನಿ ಬಂತು. ಅತ್ತೆಯವರು ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು ಕೂತಾಗಿತ್ತು. "ಎಲ್ಲಾ ಕಡೆ ಎರಡಿಂಚು ಜಾಸ್ತಿ ಇಡಿ ಅಳಿಯಂದಿರೇ. ಬೆಳೆಯೋ ಗೋಡೆ."

ಮಾಸ್ಟರು ನಿಜಕ್ಕೂ ಎರಡಿಂಚು ಜಾಸ್ತಿ ಇಟ್ಟರು. ಅದು ಅವರ ವೃತ್ತಿಧರ್ಮ.

ನೀಲಿ ಟಾರ್ಪಾಲು ಬಂತು, ಮೂರು ದೊಡ್ಡ ಸುರುಳಿ. ಎಂಟು ದಿನ ಅಂಗಡಿಯಲ್ಲಿ ಬೇರೆ ಕೆಲಸವೇ ಇಲ್ಲ. ಮಿಶನ್ನಿನ ಈ ಕಡೆಯಿಂದ ಟಾರ್ಪಾಲು ಒಳಗೆ ಹೋಗಿ ಆ ಕಡೆಯಿಂದ ಹೊರಬಂದು, ಅಡುಗೆಮನೆಯನ್ನು ದಾಟಿ, ಹಿತ್ತಿಲ ಬಾಗಿಲವರೆಗೂ ಹಬ್ಬಿತು. ಒಲೆಯ ಹತ್ತಿರ ಹೋಗಬೇಕಾದರೆ ಹೆಂಡತಿ ಟಾರ್ಪಾಲನ್ನು ಎರಡೂ ಕೈಯಲ್ಲಿ ಎತ್ತಿ, ಬಗ್ಗಿ, ನುಸುಳಿ ಹೋಗಬೇಕಾಗಿತ್ತು. ಹದಿನಾಲ್ಕು ಸೂಜಿ ಮುರಿದವು. ಹದಿನೈದನೆಯದು ಗೆದ್ದಿತು.

ಮೂರನೆಯ ದಿನ ಹೆಂಡತಿ ಮಿಶನ್ನಿನ ಪಕ್ಕ ಬಂದು ನಿಂತರು. "ರೀ, ಸೂಜಿ ಹೋದ ಕಡೆ ತೂತು ಆಗುತ್ತೆ ಅಲ್ವಾ?"

"ಆಗುತ್ತೆ."

"ತೂತಲ್ಲಿ ನೀರು ಬರಲ್ವಾ?"

"ಅದಕ್ಕೇ ಅಲ್ವೇನೇ ಇಂಚಿಗೆ ಹನ್ನೆರಡು ಹಾಕ್ತಿರೋದು! ಹೊಲಿಗೆ ಅಷ್ಟು ಒತ್ತೊತ್ತಾಗಿದ್ರೆ ನೀರಿಗೆ ನುಗ್ಗೋಕೆ ಜಾಗ ಎಲ್ಲಿದೆ?"

"ಜಾಗ ಎಲ್ಲಿದೆ ಅಂತ ನೀವೇ ತೋರಿಸ್ಕೊಡ್ತಿದೀರಲ್ಲ, ಇಂಚಿಗೆ ಹನ್ನೆರಡು ಕಡೆ."

ಮಾಸ್ಟರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಹೆಂಡತಿಯನ್ನು ನೋಡಿದರು. ಕಾಜಾ ಹಾಕುವವರಿಗೆ ತೂತಿನದ್ದೇ ಯೋಚನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಮತ್ತೆ ಮಿಶನ್ ತುಳಿದರು. ಹೆಂಡತಿ ಕೆಳಗೆ ಬಿದ್ದಿದ್ದ ಟಾರ್ಪಾಲಿನ ಉಳಿಕೆ ತುಂಡುಗಳನ್ನು ಬಳಿದುಕೊಂಡು ಒಳಗೆ ಹೋದರು.

ಒಂಬತ್ತನೆಯ ದಿನ ಟ್ರಯಲ್. ಕೋಟು ನೆಲಮಾಳಿಗೆಯ ಮೈಗೆ ಅಂಟಿದ ಹಾಗೆ ಕೂತಿತು. ನಾಲ್ಕು ಗೋಡೆ, ನೆಲ, ಮೂಲೆಗಳಲ್ಲಿ ನೆರಿಗೆ, ಮೇಲ್ತುದಿಗೆ ಕೊಕ್ಕೆಗಳು. ಬಲಗೋಡೆಯ ಹೊಟ್ಟೆಗೂ ಒಂದು ಸುಕ್ಕಿಲ್ಲ. ನಡುವೆ ಕೆಂಪು ಕೋಟುಗಳು ಎರಡು ಸಾಲಾಗಿ ನಿಂತು ನೋಡುತ್ತಿದ್ದವು. ಮಾಸ್ಟರು ಕೈಕಟ್ಟಿಕೊಂಡು ನಿಂತು, "ಇನ್ನು ಬರಲಿ ಮಳೆ" ಅಂದರು. ಅತ್ತೆಯವರು ಇಳಿದು ಬಂದು ಸುತ್ತ ನೋಡಿ, "ಯಾರೋ ನನ್ನನ್ನ ಚೀಲದಲ್ಲಿ ಹಾಕಿ ಸಂತೆಗೆ ಒಯ್ತಿರೋ ಹಾಗಿದೆ" ಎಂದು ಹೇಳಿ ಮೇಲೆ ಹೋದರು.

ಮಳೆ ಬಂತು. ಅದೆಂಥ ಮಳೆ! ಮೂರು ದಿನ ಬೀದಿ ಕಾಣಿಸಲಿಲ್ಲ. ಎದುರು ಸಾಲಿನಲ್ಲಿ ಇಬ್ಬರ ನೆಲಮಾಳಿಗೆ ತುಂಬಿತು. ಪಕ್ಕದ ಬೇಕರಿಯ ಬ್ರೆಡ್ಡಣ್ಣನ ನೆಲಮಾಳಿಗೆಯಲ್ಲಿ ಹನ್ನೆರಡು ಮೂಟೆ ಹಿಟ್ಟು ತಾನಾಗಿಯೇ ಕಲಸಿಕೊಂಡು ಉಬ್ಬಿ ಬಾಗಿಲು ತೆರೆಯದ ಹಾಗಾಯಿತು. ಮಾಸ್ಟರ ನೆಲಮಾಳಿಗೆಯಲ್ಲೋ? ಒಂದು ಹನಿ ಇಲ್ಲ! ಮೊದಲ ದಿನ ಮಾಸ್ಟರು ಗಂಟೆಗೊಂದು ಸಲ ಬರಿಗಾಲಲ್ಲಿ ಇಳಿದು ನೆಲ ತುಳಿದು ನೋಡಿದರು. ಎರಡನೆಯ ದಿನ ಅಂಗೈಯಿಂದ ಗೋಡೆ ಸವರಿ ನೋಡಿದರು. ಮೂರನೆಯ ದಿನ ಬೆಂಕಿಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅರ್ಧ ದಿನ ಬಿಟ್ಟು, ಕಡ್ಡಿ ಗೀರಿ, ಭಗ್ಗೆಂದು ಹತ್ತಿದ್ದನ್ನು ಕಂಡು ಕುಣಿದರು. ನಲವತ್ತೆಂಟು ವರ್ಷದ, ಮಂಡಿನೋವಿನ ಮನುಷ್ಯ ಒಬ್ಬನೇ ಕುಣಿದದ್ದನ್ನು ಆ ಕೆಂಪು ಕೋಟುಗಳಷ್ಟೇ ಕಂಡವು.

ಆಮೇಲಿನದ್ದನ್ನು ಇಡೀ ಬೀದಿ ಕಂಡಿತು. ಮಾಸ್ಟರು ಕೊಡೆ ಹಿಡಿದು, ಕೊರಳಿಗೆ ಟೇಪು ಹಾಕಿಕೊಂಡು ಮನೆಮನೆಗೂ ಹೋಗಿ ಸಾಂತ್ವನ ಹೇಳಿದರು. ಬಕೆಟ್ಟಿನಲ್ಲಿ ನೀರೆತ್ತಿ ಹೊರಗೆ ಸುರಿಯುತ್ತಿದ್ದ ಬ್ರೆಡ್ಡಣ್ಣನ ತಲೆಯ ಮೇಲೆ ನಿಂತು, "ಪಂಪು, ಸಿಮೆಂಟು, ಪೈಪು ಎಲ್ಲ ಹಳೇ ಕಾಲದ್ದು ಕಣಯ್ಯಾ. ನೆಲಮಾಳಿಗೆಗೆ ಮೈಮುಚ್ಚೋ ಬಟ್ಟೆ ಬೇಕು" ಎಂದು ಉಪದೇಶಿಸಿದರು. ಬ್ರೆಡ್ಡಣ್ಣ ಬಂದು ನೋಡಿದ, ಒಣ ನೆಲ ಮುಟ್ಟಿದ, ಕಣ್ಣೊರೆಸಿಕೊಂಡ. ಅವನ ಹಿಂದೆ ಇನ್ನೂ ಐವರು ಬಂದು ನೋಡಿದರು. ಅಳತೆ ಪುಸ್ತಕದಲ್ಲಿ ಆರು ನೆಲಮಾಳಿಗೆಗಳ ಎದೆ, ಸೊಂಟ ದಾಖಲಾದವು. ಹೋದ ವರ್ಷ ತುಟಿ ಕಚ್ಚಿ ನಕ್ಕವರೇ ಈಗ "ಮಾಸ್ಟ್ರೇ, ನಮ್ಮನೇದು ಮೊದಲು" ಅನ್ನುತ್ತಿದ್ದರು. ಮಾಸ್ಟರಿಗೆ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಮಾತ್ರ ಎಲ್ಲಕ್ಕೂ "ಹೂಂ" ಎನ್ನುತ್ತಿದ್ದರು. ಇನ್ನೂ ವಿಚಿತ್ರವೆಂದರೆ ಅತ್ತೆಯವರು ಸುಮ್ಮನಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಮೂರು ದಿನ ಸುಮ್ಮನಿದ್ದದ್ದು ಹಲ್ಲು ಕೀಳಿಸಿದಾಗ ಒಂದೇ ಸಲ. ಅಳಿಯನ ಗೆಲುವು ಕಂಡು ಬಾಯಿ ಕಟ್ಟಿದೆ ಎಂದು ಮಾಸ್ಟರು ಅರ್ಥ ಮಾಡಿಕೊಂಡರು.

ನಾಲ್ಕನೆಯ ದಿನ ಬೆಳಗ್ಗೆ ಕೋಟು ಒಯ್ಯಲು ಮೀಸೆಯವರು ಡೋಲಿನವರಿಬ್ಬರನ್ನು ಕರೆದುಕೊಂಡು ಬಂದರು. ಮಳೆ ಇನ್ನೂ ಸುರಿಯುತ್ತಲೇ ಇತ್ತು. ಮಾಸ್ಟರ ವಿಜಯವನ್ನು ಕಣ್ಣಾರೆ ನೋಡಲು ಬ್ರೆಡ್ಡಣ್ಣನೂ, ಅಳತೆ ಬರೆಸಿದ ಉಳಿದ ಐವರೂ ಹಾಜರ್. ಸುಮ್ಮನೆ ಕೋಟು ಕೊಟ್ಟು ಕಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ಮಾಸ್ಟರು ಇವತ್ತಿಗೂ ಕೊರಳೆತ್ತಿ ನಡೆಯುತ್ತಿದ್ದರು. ಆದರೆ ಬ್ರೆಡ್ಡಣ್ಣ ಸುಮ್ಮನಿರಬೇಕಲ್ಲ!

"ಮಾಸ್ಟ್ರೇ, ನಮ್ಮಿಬ್ಬರ ಮನೆ ಮಧ್ಯದ ಸಂದೀಲಿ ನಿಮ್ಮ ಗೋಡೆ ಉದ್ದಕ್ಕೂ ಏನೋ ನೀಲಿ ಕೊಳವೆ ಕಟ್ಟಿದೆ. ಛಾವಣಿ ನೀರೆಲ್ಲ ಅದರೊಳಗೇ ಹೋಗ್ತಿದೆ. ಅದೂ ಕೋಟಿನ ಭಾಗಾನಾ?"

"ಯಾವ ಕೊಳವೆ?" ಅಂದರು ಮಾಸ್ಟರು.

ಎಲ್ಲರೂ ಕೊಡೆ ಹಿಡಿದು ಸಂದಿಗೆ ಹೋದರು. ಕಸದ ಡಬ್ಬಿ ಇಡುವ ಆ ಸಂದಿಗೆ ಮಾಸ್ಟರು ಕಾಲಿಟ್ಟು ವರ್ಷಗಳಾಗಿದ್ದವು. ಅಲ್ಲಿ ನೋಡಿದರೆ, ಛಾವಣಿಯ ಪೈಪಿನ ಬಾಯಿಗೆ ಟಾರ್ಪಾಲಿನ ಒಂದು ತೋಳು! ಸಾಕ್ಷಾತ್ ಕೋಟಿನ ತೋಳೇ. ಭುಜದ ಕಡೆ ಅಗಲ, ಮಣಿಕಟ್ಟಿನ ಕಡೆ ಸಪೂರ, ಉದ್ದ ಮಾತ್ರ ಹತ್ತು ಮಾರು. ಭುಜವನ್ನು ಪೈಪಿಗೆ ಸುತ್ತಿ ನಾಲ್ಕು ಕರಿ ಗುಂಡಿ ಹಾಕಿದೆ. ಅಲ್ಲಲ್ಲಿ ಗೋಡೆಗೆ ಲೂಪು. ಕಫ್ಫು ಹೋಗಿ ಬೀದಿಯ ಚರಂಡಿಯಲ್ಲಿ ಬಿದ್ದಿದೆ, ಅದರಿಂದ ನೀರು ಗಳಗಳ ಸುರಿಯುತ್ತಿದೆ. ಗೋಡೆಯ ಬುಡ ಒಣಗಿದೆ. ಬೇರೆಯವರಿಗೆ ಅದು ಬರೀ ಕೊಳವೆ. ಮಾಸ್ಟರಿಗೆ ಆ ಕಾಜಾ ಯಾರ ಕೈಯದೆಂದು ನೋಡಿದ ಕೂಡಲೇ ತಿಳಿಯಿತು.

ಮೀಸೆಯವರು ಮೀಸೆಯ ಮೇಲಿನ ಹನಿ ಒರೆಸಿಕೊಂಡು, "ಹಾಗಾದ್ರೆ ನೀರು ತಡೆದದ್ದು ಕೋಟಾ, ತೋಳಾ?" ಅಂದರು.

ಒಂಬತ್ತು ಜೊತೆ ಕಣ್ಣು ಮಾಸ್ಟರ ಕಡೆ ತಿರುಗಿದವು. ಹೆಂಡತಿ ಥಟ್ಟನೆ, "ಕೋಟೇ ತಡೀತು. ಇದು ಉಳಿಕೆ ಬಟ್ಟೆ, ಸುಮ್ನೆ ಕೈ ಆಡಿಸ್ದೆ ಅಷ್ಟೇ" ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಮೇಲಿನ ದೊಡ್ಡ ಕಿಟಕಿ ತೆರೆದುಕೊಂಡಿತು.

"ಅಳಿಯಂದಿರೇ, ಬೇಜಾರಾಗ್ಬೇಡಿ! ತೋಳಿಲ್ದೆ ಕೋಟು ಪೂರ್ತಿ ಆಗುತ್ತಾ?"

ಯಾರೋ ಕಿಸಕ್ಕೆಂದರು. ಎಂಟು ದಿನದ ದುಡಿಮೆ, ಹದಿನಾಲ್ಕು ಸೂಜಿ, ಅಷ್ಟು ಉದ್ದದ ಹೊಲಿಗೆ, ಎಲ್ಲಕ್ಕೂ ಮಿಗಿಲಾಗಿ ಮೂರು ದಿನದ ಕೀರ್ತಿ! ಅದೆಲ್ಲ ಒಂದು ಚಿಂದಿ ತೋಳಿನ ಪಾಲಾಗುವುದೇ? "ನಾನು ಹೊಲಿದ ಕೋಟಿಗೆ ಊರುಗೋಲು ಬೇಡ!" ಎಂದು ಗುಡುಗಿ ಗುಂಡಿಗೆ ಕೈ ಹಾಕಿದರು.

"ರೀ, ಬೇಡ! ಆ ನಲವತ್ತು ಕೋಟು ಮೊದಲು ಹೊರಗೆ ಹೋಗ್ಲಿ. ಆಮೇಲೆ ಏನು ಬೇಕಾದ್ರೂ ಬಿಚ್ಚಿ."

"ಕೋಟು ಒಳಗಿರುವಾಗ್ಲೇ ಬಿಚ್ಚಿ ತೋರಿಸ್ತೀನಿ. ಬನ್ನಿ ಎಲ್ಲಾ ಕೆಳಗೆ!"

ನಾಲ್ಕು ಗುಂಡಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಏಕೆಂದರೆ ಹೆಂಡತಿಯ ಕಾಜಾ ಎಂದರೆ ಬಿಗಿ. ಕೊನೆಗೆ ತೋಳು ಸೋತು ನೆಲಕ್ಕೆ ಬಿತ್ತು. ಪೈಪಿನ ನೀರು ಭೋರೆಂದು ಗೋಡೆಯ ಬುಡಕ್ಕೆ ಅಪ್ಪಳಿಸಿತು.

ಕೆಳಗೆ ಎಲ್ಲರನ್ನೂ ಕೋಟುಗಳ ಪಕ್ಕ ಸಾಲಾಗಿ ನಿಲ್ಲಿಸಿ ಮಾಸ್ಟರು ಭಾಷಣ ಆರಂಭಿಸಿದರು. ವಸ್ತ್ರ ಎಂದರೇನು, ರಕ್ಷಣೆ ಎಂದರೇನು, ಹೊಲಿಗೆ ಎಂಬ ತಪಸ್ಸು ಎಂಥದು. ಹತ್ತು ನಿಮಿಷ ಏನೂ ಆಗಲಿಲ್ಲ. ಮಾಸ್ಟರ ದನಿ ಏರುತ್ತಾ ಹೋಯಿತು. ಬಲಗಡೆಯ ಗೋಡೆಯ ಹೊಟ್ಟೆಯೂ ಏರುತ್ತಾ ಹೋಯಿತು.

"ಮಾಸ್ಟ್ರೇ, ನಿಮ್ಮ ಕೋಟು ಉಬ್ತಾ ಇದೆ" ಅಂದ ಬ್ರೆಡ್ಡಣ್ಣ. ಹಿಟ್ಟು ಉಬ್ಬಿದ್ದು ನೋಡಿದವನಿಗೆ ಈ ವಿಷಯದಲ್ಲಿ ಅನುಭವ ಇತ್ತು.

"ಅದು ಗಾಳಿ. ಉಸಿರಾಡೋಕೆ ಎರಡಿಂಚು ಲೂಸ್ ಇಟ್ಟಿದೀನಿ."

ಆ ಎರಡಿಂಚು ಲೂಸಿನೊಳಗೆ ನೀರು ತುಂಬಿ ತುಂಬಿ, ಟಾರ್ಪಾಲಿನ ಹೊಟ್ಟೆ ತುಂಬಿದ ಬಸುರಿಯ ಹಾಗೆ ಮುಂದಕ್ಕೆ ಬಂತು. ಮೇಲಿನ ಮೆಟ್ಟಿಲಿಂದ ಅತ್ತೆಯವರು, "ದಿನ ತುಂಬಿದೆ" ಅಂದರು. ಅಂದದ್ದೇ ತಡ, ಹೊಲಿಗೆಯ ಉದ್ದಕ್ಕೂ ನೀರು ಚಿಮ್ಮಿತು. ಒಂದು ಕಡೆಯಲ್ಲ, ಎರಡು ಕಡೆಯಲ್ಲ. ಇಂಚಿಗೆ ಹನ್ನೆರಡು ಕಡೆ! ಹೂಗಿಡಕ್ಕೆ ನೀರು ಹಾಕುವ ಕ್ಯಾನಿನಂತೆ ಸಣ್ಣ ಸಣ್ಣ ಎಳೆಯಾಗಿ, ಒಂದಕ್ಕೊಂದು ಕೂದಲೆಳೆಯಷ್ಟೂ ಅಂತರ ತಪ್ಪದೆ ಚಿಮ್ಮಿತು. ಹೇಳಿದರೆ ನಂಬಲಿಕ್ಕಿಲ್ಲ, ಆ ಪ್ರಳಯದ ನಡುವೆಯೂ ಮಾಸ್ಟರ ಮನಸ್ಸಿಗೆ ಮೊದಲು ಬಂದದ್ದು, 'ಆಹಾ, ಸಾಲು ಎಷ್ಟು ನೇರವಾಗಿದೆ!' ಎಂಬ ಮಾತು.

ಎರಡನೆಯದಾಗಿ ಬಂದದ್ದು ಕೋಟುಗಳ ಯೋಚನೆ. ನೀರು ಆಗಲೇ ನೆಲದ ಮೇಲೆ ಹರಿದು ಕೋಟುಗಳ ಕೆಳಗೆ ಬರುತ್ತಿತ್ತು. ಕೆಂಪು ಬಿಟ್ಟರೆ, ಬಿಳಿ ಕುಡಿದರೆ, ನಾಳೆಯಿಂದ ಆ ಸ್ಟೂಲು! ಅವರಿಗೆ ಕೈಕಾಲು ಆಡಲಿಲ್ಲ, ಬಾಯಿ ಮಾತ್ರ ತೆರೆದುಕೊಂಡಿತ್ತು.

ಆಗ ಹೆಂಡತಿಯ ದನಿ ಮೊಳಗಿತು. ಆ ದನಿ ಅವರ ಗಂಟಲಿನಲ್ಲಿ ಇತ್ತೆಂಬುದು ಮಾಸ್ಟರಿಗೆ ಆವತ್ತೇ ಗೊತ್ತಾದದ್ದು. "ಕೈಯಲ್ಲಿ ಹಿಡೀಬೇಡಿ, ನೆಲಕ್ಕೆ ತಾಗುತ್ತೆ! ಹಾಕ್ಕೊಳ್ಳಿ! ಒಬ್ಬೊಬ್ಬರು ನಾಲ್ಕು ನಾಲ್ಕು, ಒಂದರ ಮೇಲೊಂದು! ಕಫ್ಫು ಒಳಗೆ ಮಡಚಿ! ಗೋಡೆಗೆ ಬ್ರೆಡ್ಡಣ್ಣ ಬೆನ್ನು ಕೊಡ್ಲಿ, ಅವನೇ ಅಗಲ ಇರೋದು!" ಎಂದು ಆಜ್ಞಾಪಿಸಿ ಹೊರಗೆ ಓಡಿದರು.

ಮುಂದಿನ ಎರಡು ನಿಮಿಷ ಆ ನೆಲಮಾಳಿಗೆಯಲ್ಲಿ ನಡೆದದ್ದನ್ನು ವರ್ಣಿಸಲು ಕವಿಯೇ ಬೇಕು. ಹತ್ತು ಜನ ಗಂಡಸರು, ನಲವತ್ತು ಕೋಟು. ಒಬ್ಬರ ತೋಳಿನಲ್ಲಿ ಇನ್ನೊಬ್ಬರ ಕೈ. ಮೀಸೆ ಗುಂಡಿಗೆ ಸಿಕ್ಕಿ ಯಜಮಾನರ ಕೂಗು. ನಾಲ್ಕು ಕೋಟು ತೊಟ್ಟು ಪೀಪಾಯಿಯಂತಾದ ಬ್ರೆಡ್ಡಣ್ಣ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡಾಗ, ಡೋಲಿನವರಿಬ್ಬರು ಅಭ್ಯಾಸಬಲದಿಂದ ಹಿಂದಿನಿಂದ ಬಡಿದು ಬಡಿದು ಮೇಲಕ್ಕೇರಿಸಿದರು. ಕೆಂಪು ಜರಿಯ ದಢೂತಿಗಳು ಒಬ್ಬೊಬ್ಬರಾಗಿ ಅಂಗಡಿಗೆ ಬರುವುದನ್ನು ಕಂಡು ಅತ್ತೆಯವರು, "ಕೆಳಗೆ ಇಳಿದದ್ದು ಸಣಕಲು ಜನ, ಮೇಲೆ ಬಂದದ್ದು ಸೇನಾಪತಿಗಳು! ನೆಲಮಾಳಿಗೆ ಗುಣ ಇದೆ" ಎಂದು ದಾರಿ ಬಿಟ್ಟರು. ಕೊನೆಯವರು ಮಾಸ್ಟರು. ಅವರು ಮೇಲೆ ಬಂದ ಹೊತ್ತಿಗೆ ಕೆಳಗೆ ಚಿಮ್ಮುವುದು ಸಣ್ಣಗಾಗಿತ್ತು. ಸಂದಿಯಲ್ಲಿ ಹೆಂಡತಿ ನೆತ್ತಿಯಿಂದ ಅಂಗಾಲಿನವರೆಗೆ ತೊಯ್ದು, ನಾಲ್ಕು ಗುಂಡಿಯನ್ನೂ ಮತ್ತೆ ಹಾಕಿ ಮುಗಿಸಿದ್ದರು.

ಮೀಸೆಯವರು ಒಂದೊಂದೇ ಕೋಟು ಬಿಚ್ಚಿ, ಒಂದೊಂದೇ ಕಫ್ಫು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಬಿಳಿ, ಬಿಳಿ, ಬಿಳಿ... ಮೂವತ್ತೊಂಬತ್ತು ಬಿಳಿ. ನಲವತ್ತನೆಯದು ಮಾಸ್ಟರೇ ತೊಟ್ಟಿದ್ದ ಮೇಲಿನ ಕೋಟು. ಅದರ ಎಡಗಫ್ಫಿನ ಮೇಲೆ ಬಟಾಣಿಯಷ್ಟು ಗುಲಾಬಿ. ಮಾಸ್ಟರು ಕಣ್ಣು ಮುಚ್ಚಿದರು.

"ಇದನ್ನ ಡೋಲಿನವನಿಗೆ ಕೊಡ್ತೀನಿ. ಅವನ ಕೈ ಯಾವತ್ತೂ ಒಂದು ಕಡೆ ನಿಲ್ಲಲ್ಲ, ಯಾರಿಗೂ ಕಾಣಲ್ಲ" ಅಂದರು ಮೀಸೆಯವರು. ಆಮೇಲೆ ಮಾಸ್ಟರ ಬೆನ್ನು ತಟ್ಟಿ, "ಹತ್ತು ಜನ ಹಾಗೆ ಎಳೆದಾಡಿದ್ರೂ ಒಂದು ಹೊಲಿಗೆ ಬಿಟ್ಟಿಲ್ಲ ಕಣ್ರೀ! ಮುಂದಿನ ವರ್ಷ ಪ್ಯಾಂಟೂ ನಿಮ್ಮಲ್ಲೇ" ಅಂದರು. ಮಾಸ್ಟರಿಗೆ ಅಳು ಬಂತು. ಖುಷಿಯ ಅಳುವೇ, ಅದರಲ್ಲಿ ಮುಚ್ಚಿಡುವುದೇನಿದೆ? ಅಂಗಡಿ ಉಳಿಯಿತು.

ಬೀದಿಯವರು ಮಾತ್ರ ಅಳತೆ ಪುಸ್ತಕದಿಂದ ತಮ್ಮ ತಮ್ಮ ನೆಲಮಾಳಿಗೆಯ ಹಾಳೆ ಹರಿದುಹಾಕಿಸಿ, ಹೆಂಡತಿಯ ಸುತ್ತ ಮುತ್ತಿಕೊಂಡರು. "ತೋಳಿನಲ್ಲೂ ಹೊಲಿಗೆ ಇದೆಯಲ್ಲ, ಅದು ಯಾಕೆ ಸೋರಲ್ಲ?" ಎಂದು ಬ್ರೆಡ್ಡಣ್ಣ ಕೇಳಿದ.

"ಹೊಲಿಗೆ ಮೇಲ್ಗಡೆ ಬರೋ ಹಾಗೆ ಕಟ್ಟಿದೀನಿ ಅಣ್ಣ. ನೀರು ಕೆಳಗೆ ಹರಿಯುತ್ತೆ, ತೂತು ಮೇಲಿರುತ್ತೆ. ಇಬ್ಬರಿಗೂ ಜಗಳ ಇಲ್ಲ" ಅಂದರು ಅವರು, ತಲೆ ಒರೆಸಿಕೊಳ್ಳುತ್ತ.

ಎಲ್ಲರೂ ಹೋದ ಮೇಲೆ ಮಾಸ್ಟರು ಹೆಂಡತಿಗೆ ತಾವೇ ಚಹಾ ಮಾಡಿಕೊಟ್ಟರು. (ಸಕ್ಕರೆ ಮರೆತಿದ್ದರು. ಆಕೆ ಹೇಳಲಿಲ್ಲ.) "ತೋಳು ಕಟ್ಟಿದ್ದನ್ನ ಮೊದಲೇ ಯಾಕೆ ಹೇಳ್ಲಿಲ್ವೇ?" ಎಂದು ಕೇಳಿದರು.

"ಮೂರು ದಿನ ನೀವು ಅಷ್ಟು ಖುಷಿಯಾಗಿದ್ರಿ. ಒಂದು ವರ್ಷ ಆಗಿತ್ತು ನಿಮ್ಮ ನಗು ನೋಡಿ. ಹಾಳು ಮಾಡೋಕೆ ಮನಸ್ಸು ಬರ್ಲಿಲ್ಲ."

ಆಕೆಯ ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಮಾಸ್ಟರು ಅವುಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತರು. ಆ ಹೆಂಗಸಿನ ಬಗ್ಗೆ ಅವರಿಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ತಮ್ಮ ಬಗ್ಗೆ ಅಷ್ಟು ನಾಚಿಕೆಯೂ.

ತೋಳು ಬೇಕೆಂದು ಮೊದಲು ಆರು ಮನೆಯವರು ಬಂದರು, ಆಮೇಲೆ ಹಿಂದಿನ ಬೀದಿ, ಆಮೇಲೆ ಅದರ ಹಿಂದಿನದು. ಟಾರ್ಪಾಲು ಸಾಲಲಿಲ್ಲ. ನೆಲಮಾಳಿಗೆಯ ಮಳೆಕೋಟನ್ನೇ ಬಿಚ್ಚಿ ತೋಳು ಮಾಡುವುದೆಂದು ತೀರ್ಮಾನವಾಯಿತು. ಬಿಚ್ಚುವ ಕೆಲಸ ಮಾಸ್ಟರದು. ಹೊಲಿದವರೇ ಬಿಚ್ಚಬೇಕಲ್ಲ, ಮಾಡಿದ್ದುಣ್ಣೋ ಮಹರಾಯ! ಇಂಚಿಗೆ ಹನ್ನೆರಡು ಹೊಲಿಗೆ ಹಾಕಲು ಎಂಟು ದಿನ ಸಾಕಾಗಿತ್ತು. ಒಂದೊಂದೇ ಎಳೆ ಎತ್ತಿ ಬಿಚ್ಚಲು ಹತ್ತೊಂಬತ್ತು ದಿನ ಹಿಡಿಯಿತು. ಆ ದಿನಗಳಲ್ಲಿ ಅವರು ತಮ್ಮ ಹೊಲಿಗೆಯ ಬಿಗಿಯನ್ನು ಹೊಗಳಿಕೊಂಡದ್ದನ್ನು ಯಾರೂ ಕೇಳಿಲ್ಲ.

ಈಗ ಅಂಗಡಿಯಲ್ಲಿ ಎರಡು ಮಿಶನ್ನು. ಒಂದರಲ್ಲಿ ಸೂಟು, ಇನ್ನೊಂದರಲ್ಲಿ ತೋಳು. ತೋಳಿನ ಅಳತೆ, ಕಟಿಂಗು, ಕಾಜಾ ಹೆಂಡತಿಯದು. ಕಫ್ಫು ಮಡಚಿ ಹೊಲಿಯುವ ಚಿಲ್ಲರೆ ಕೆಲಸ ಮಾಸ್ಟರದು. "ಇಂಚಿಗೆ ನಾಲ್ಕೇ ಸಾಕು ರೀ" ಎಂಬ ಅಪ್ಪಣೆ ದಿನಕ್ಕೊಮ್ಮೆಯಾದರೂ ಆಗುತ್ತದೆ. ಮೊನ್ನೆ ದೂರದ ಬೀದಿಯ ಯಾರೋ ಗಿರಾಕಿ ಮಳೆಯಲ್ಲಿ ನೆನೆದುಕೊಂಡು ಓಡಿಬಂದು, ಹೊಸ್ತಿಲಲ್ಲೇ ನಿಂತು, "ಮಾಸ್ಟರ್ ಇದ್ದಾರಾ?" ಎಂದು ಕೇಳಿದರು.

ಮಾಸ್ಟರು ಎದ್ದು ನಿಂತು, ಟೇಪನ್ನು ಕೊರಳಿಗೆ ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, "ನಾನೇ. ಹೇಳಿ" ಅಂದರು.

ಗಿರಾಕಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವಲ್ಲ. ನೆಲಮಾಳಿಗೆಗೆ ನೀರು ಬರದ ಹಾಗೆ ಮಾಡ್ತಾರಲ್ಲ, ಅವರು" ಅಂದರು.

ಅಡುಗೆಮನೆಯ ಕಡೆಯಿಂದ ಅತ್ತೆಯವರ ಕೆಮ್ಮು ಕೇಳಿಸಿತು. ಮಾಸ್ಟರು ಕೊರಳಿನ ಟೇಪು ತೆಗೆದು, ಎರಡಾಗಿ ಮಡಚಿ ಕೈಯಲ್ಲಿ ಹಿಡಿದು, ಬೀದಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಒಳಗೆ ಕರೆದರು:

"ಮಾಸ್ಟ್ರೇ, ಗಿರಾಕಿ ಬಂದಿದಾರೆ. ಟೇಪು ನನ್ನ ಹತ್ರ ಇದೆ, ತಗೊಳ್ಳಿ!"